ತೂಕಕ್ಕೆ ಸಿಗದ ಮಕ್ಕಳು

ಮಕ್ಕಳ ಬೊಜ್ಜು ತಡೆಯುವ ಆಹಾರ ನೀತಿಯ ಸಂಶೋಧನೆಗೆ ಅನುದಾನ ಕೇಳಿ ಅವಳು ಸಮಿತಿಯ ಮುಂದೆ ಕೂತದ್ದು ಇದು ಮೂರನೇ ಸಲ. ಈಗಲೂ ಸಿಗದಿದ್ದರೆ ಆರು ವರ್ಷದ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು.

"ಬೊಜ್ಜು ಎಲ್ಲಿದೆಯಮ್ಮ?" ಎಂದರು ಅಧ್ಯಕ್ಷರು. "ಶಾಲೆಗಳ ವರದಿ ಪ್ರಕಾರ ಒಂದನೇ ತರಗತೀಲಿ ಮೂವತ್ತು ಕಿಲೋ ದಾಟಿದ ಒಂದು ಮಗುವೂ ಇಲ್ಲ."

"ಶಾಲೆಗಳ ತೂಕದ ಯಂತ್ರ ಮೂವತ್ತಕ್ಕೇ ನಿಲ್ಲುತ್ತೆ ಸರ್. ಕಾಲಂ ಖಾಲಿ ಬಿಡೋ ಹಾಗಿಲ್ಲ. ಅದಕ್ಕೇ ಜಾಸ್ತಿ ತೂಕದ ಮಕ್ಕಳಿಗೆ ಗೈರುಹಾಜರು ಅಂತ ಬರೀತಾರೆ."

"ಅಂಥವರು ಎಷ್ಟು ಜನ?"

"ನಾನು ಕಂಡ ಹಾಗೆ ನಾನೂರು."

ಅಧ್ಯಕ್ಷರು ಗಾಬರಿಯಿಂದ ಎದ್ದು ನಿಂತರು. ಕೊನೆಗೂ ಒಬ್ಬರು ಕಿವಿಗೊಟ್ಟರಲ್ಲ ಎಂದು ಅವಳ ಕಣ್ಣು ತುಂಬಿತು.

"ಕೇಳಿದಷ್ಟೂ ಮಂಜೂರು," ಎಂದರು ಅವರು. "ಆ ನಾನೂರು ಮಕ್ಕಳು ಶಾಲೆಗೆ ಯಾಕೆ ಬರ್ತಿಲ್ಲ ಅಂತ ಮೊದಲು ಪತ್ತೆಹಚ್ಚಿ."