ಆರನೆಯ ಕುಲುಮೆಯ ಪ್ರಶ್ನೆ

ಕರಗಿದ ಬೋರೇಟ್‌ಗೆ ಮಾತು ಹಿಡಿಯುವ ಚಟ. ಹಾಗಾಗಿ ಅದರಿಂದ ಹರಳು ಬೆಳೆಸುವ ಧಾರವಾಡದ ನಮ್ಮ ಪ್ರಯೋಗಾಲಯದಲ್ಲಿ ಕುಲುಮೆಯ ಮುಚ್ಚಳ ತೆರೆದಾಗ ಯಾರೂ ಬಾಯಿ ಬಿಡುವುದಿಲ್ಲ. ಬಿಟ್ಟರೆ ಬೋರಾನ್ ಮತ್ತು ಆಮ್ಲಜನಕದ ಉಂಗುರಗಳು ಆ ದನಿಯಂತೆಯೇ ಹೆಣೆದುಕೊಳ್ಳುತ್ತವೆ. ಅಂಥ ದ್ರವದಿಂದ ಹರಳು ನೆಟ್ಟಗೆ ಬೆಳೆಯುವುದಿಲ್ಲ.

ಆರನೆಯ ಕುಲುಮೆಯನ್ನು ಕೆಡಿಸಿದವಳು ನನ್ನ ಅಕ್ಕ ಗಂಗವ್ವ. ಮೂವತ್ತು ವರ್ಷ ಇಲ್ಲಿ ಕುಲುಮೆ ನೋಡಿಕೊಂಡವಳು ಹೋದ ವರ್ಷ ಒಂದು ಮಧ್ಯಾಹ್ನ, ಮುಚ್ಚಳ ತೆರೆದಿರುವಾಗಲೇ ನನ್ನನ್ನು ಕೇಳಿಬಿಟ್ಟಳು: "ಊಟ ಆತೇನ ನೀಲವ್ವಾ?"

ನಿಯಮಕ್ಕೆ ಹೆದರಿ ನಾನು ಉತ್ತರ ಕೊಡಲಿಲ್ಲ. ಕಣ್ಣಿನಲ್ಲೇ ಗದರಿದೆ. ಮರುದಿನ ಬೆಳಿಗ್ಗೆ ಅಕ್ಕ ಹಾಸಿಗೆಯಿಂದ ಏಳಲೇ ಇಲ್ಲ.

ಅಂದಿನಿಂದ, ರಚನೆಯ ಅಧ್ಯಯನವೆಂಬ ನೆಪದಲ್ಲಿ ಆ ದ್ರವವನ್ನು ಆರಲು ಬಿಟ್ಟಿಲ್ಲ. ಕ್ಷ-ಕಿರಣ ಹಾಯಿಸಿ ಉಂಗುರಗಳ ಹೆಣಿಗೆಯನ್ನು ಮತ್ತೆ ಸದ್ದಾಗಿಸಿದರೆ ಸ್ಪೀಕರಿನಲ್ಲಿ ಅದೇ ಪ್ರಶ್ನೆ, ಅದೇ ದನಿ. ಹನ್ನೊಂದು ತಿಂಗಳು ದಿನಾ ಕೇಳಿದ್ದೇನೆ.

ಇವತ್ತು ಹೊಸ ಹರಳಿಗೆ ಕುಲುಮೆ ಬೇಕಾಗಿತ್ತು. ಕಾವನ್ನು ಈಗಿರುವುದಕ್ಕಿಂತ ಇನ್ನೂರು ಡಿಗ್ರಿ ಏರಿಸಿದರೆ ಉಂಗುರಗಳು ಬಿಚ್ಚಿಕೊಂಡು ದ್ರವ ಎಲ್ಲವನ್ನೂ ಮರೆಯುತ್ತದೆ. ಮೇಲ್ವಿಚಾರಕ ಚನ್ನಮಲ್ಲಯ್ಯ ಗುಂಡಿಯ ಮೇಲೆ ಕೈಯಿಟ್ಟರು.

"ಏರಸ್ಲೇನವಾ?"

"ಒಂದ್ ನಿಮಿಷ ತಡೀರಿ ಸರ್."

ಮುಚ್ಚಳ ತೆರೆದೆ. ಝಳ ಮುಖಕ್ಕೆ ಬಡಿಯಿತು. ಬಗ್ಗಿ, ಕೆಂಪಗೆ ಹೊಳೆಯುತ್ತಿದ್ದ ದ್ರವಕ್ಕೆ ಹೇಳಿದೆ:

"ಇನ್ನೂ ಇಲ್ಲಕ್ಕಾ. ನಿನ್ನ ಹಾದಿ ಕಾಯಾಕತ್ತೀನಿ."

ಚನ್ನಮಲ್ಲಯ್ಯ ಏನೂ ಅನ್ನಲಿಲ್ಲ, ಮುಚ್ಚಳ ತೆರೆದಿತ್ತಲ್ಲ. ಗುಂಡಿಯ ಮೇಲಿದ್ದ ಕೈಯನ್ನು ಮಾತ್ರ ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು.