ಐದು ಬೋಗುಣಿ

ನೀರು ಉಳಿಸಬೇಕೆಂದು, ಕೈ ತೊಳೆದು ತೋರಿಸಿದ ಬೋಗುಣಿಯಲ್ಲೇ ಬಿರ್ಗಿಟ್ಟೆ ಕಾಫಿ ಕಪ್ಪನ್ನೂ ಅದ್ದಿ ತೊಳೆದಳು. ಶುಚಿತ್ವ ಕಲಿಸಲು ಬ್ರಸೆಲ್ಸ್‌ನಿಂದ ರೊಮೇನಿಯಾದ ಈ ರೋಮಾ ಜನಾಂಗದವರ ಕೇರಿಗೆ ಬಂದವಳು. ಇಪ್ಪತ್ತು ಹೆಂಗಸರು ಒಟ್ಟಿಗೆ "ಥೂ!" ಎಂದು ಎದ್ದುಬಿಟ್ಟರು.

"ನಿಲ್ರೇ!" ಸಫ್ತಾ ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. "ತರಬೇತಿ ಮುಗಿಸಿ ಇಪ್ಪತ್ತು ಜನ ಸಹಿ ಹಾಕಿದ್ರೇನೇ ಕೇರಿಗೆ ನಲ್ಲಿ ಅಂತ ಇವರ ಸಂಸ್ಥೆ ಹೇಳಿದೆ. ಇನ್ನೂ ಎಷ್ಟು ವರ್ಷ ಹಳ್ಳಕ್ಕಿಳಿದು ನೀರು ಹೊರ್ತೀರಿ?"

"ಕೈ ತೊಳೆದ ನೀರಲ್ಲಿ ಕಪ್ಪು ಅದ್ದೋಳ ಹತ್ರ ನಾನು ಶುಚಿ ಕಲೀಬೇಕಾ ಅತ್ತೆ?" ಎಂದಳು ಸೊಸೆ ಝಂಬಿಲಾ.

"ಕಲೀಬೇಡ, ಕಲಿಸು." ಅಜ್ಜಿ ಆ ಮೈಲಿಗೆಯ ಕಪ್ಪನ್ನು ಕಲ್ಲಿಗೆ ಬಡಿದು ಒಡೆದಳು. ಬಿರ್ಗಿಟ್ಟೆ ಬೆಚ್ಚಿಬಿದ್ದಳು. "ಹೆದರಬೇಡ ಮಗಳೇ. ಮುಖಕ್ಕೊಂದು ಬೋಗುಣಿ, ಪಾತ್ರೆಗೊಂದು, ಹಿಟ್ಟಿಗೊಂದು, ಅಂಗಿಗೊಂದು, ಲಂಗಕ್ಕೊಂದು. ಎಲ್ಲಿ, ಹೇಳು?"

ಬಿರ್ಗಿಟ್ಟೆ ಎರಡು ಸಲ ತಪ್ಪಿದಳು. ಲಂಗವನ್ನು ಹಿಟ್ಟಿನ ಬೋಗುಣಿಗೆ ಹಾಕಿದಾಗಲಂತೂ ಹೆಂಗಸರು ಬಿದ್ದು ಬಿದ್ದು ನಕ್ಕರು. ಮೂರನೇ ಸಲ ಪಾಸು. ಇಪ್ಪತ್ತು ಸಹಿಯೂ ಬಿತ್ತು.

"ಐದು ಬೋಗುಣಿಗೆ ನೀರು ಎಲ್ಲಿಂದ ತರ್ತೀರಿ?" ಎಂದು ಅವಳೇ ಕೇಳಿದಳು.

"ಅದನ್ನೇ ನಿನ್ನ ವರದೀಲಿ ಬರಿ ತಾಯಿ. ದಪ್ಪಕ್ಷರದಲ್ಲಿ ಬರಿ," ಎಂದಳು ಅಜ್ಜಿ.

ಪಾಪ, ಅವಳು ಐದು ಬೋಗುಣಿಯ ಸಮೇತ ಎಲ್ಲವನ್ನೂ ಬರೆದಳು.

ಎರಡು ತಿಂಗಳಿಗೆ ಲಾರಿ ಬಂತು. "ಪೈಪು ಬಂತು!" ಎಂದು ಕೇರಿಗೆ ಕೇರಿಯೇ ಓಡಿತು. ಟಾರ್ಪಾಲು ಸರಿಸಿದರೆ ಪ್ಲಾಸ್ಟಿಕ್ ಬೋಗುಣಿಗಳು. ಐದು ಬಣ್ಣದವು, ಮನೆಗೆ ಐದರಂತೆ ಇನ್ನೂರು. ಜೊತೆಗೆ ಬಂದ ಸರ್ಕಾರದ ಪತ್ರವನ್ನು ಊರಿನ ಮೇಯರ್ ಗವ್ರಿಲಾ ಎದೆಯುಬ್ಬಿಸಿ ಓದಿದ: "ಸಮುದಾಯದ ಸಲಹೆಯನ್ನು ಗೌರವಿಸಿ ದೇಶದ ನೀತಿಯನ್ನೇ ತಿದ್ದಲಾಗಿದೆ. ಇನ್ನು ಎಲ್ಲ ರೋಮಾ ಕೇರಿಗಳಿಗೂ ಮೊದಲು ಬೋಗುಣಿ. ಅವುಗಳ ಬಳಕೆಯನ್ನು ಪರಿಶೀಲಿಸಿದ ನಂತರವೇ ಪೈಪು."

"ದೇಶದ ನೀತೀನೇ ಬದಲಾಯಿಸಿಬಿಟ್ರಲ್ಲ ಅತ್ತೆ!" ಝಂಬಿಲಾ ಹಣೆ ಚಚ್ಚಿಕೊಂಡಳು.

ಅಜ್ಜಿ ನಗಲಿಲ್ಲ. "ಬಳಕೆ ನೋಡ್ಬೇಕಂತೆ ತಾನೆ? ತೋರಿಸೋಣ. ಊರಿನ ಆ ತುದೀಲಿ ಬೀದಿ ನಲ್ಲಿ ಇರೋದು ಯಾರ ಮನೆ ಮುಂದೆ?"

ಮರುದಿನ ಬೆಳಿಗ್ಗೆ ಮೇಯರ್ ಬಾಯಿತುಂಬ ಪೇಸ್ಟಿನ ನೊರೆ ತುಂಬಿಕೊಂಡು ಹೊರಗೋಡಿ ಬಂದ. ಬೀದಿ ನಲ್ಲಿ ತಿರುಗಿಸಿದರೆ ಅವನ ಮನೆಯ ನಲ್ಲಿಯಲ್ಲಿ ಬರೀ ಗಾಳಿ. ಅವನ ಬಾಗಿಲಿನಿಂದ ಚರ್ಚಿನ ಮೂಲೆಯವರೆಗೆ ಇನ್ನೂರು ಬೋಗುಣಿಗಳು ಬಣ್ಣದ ಪ್ರಕಾರ, ಕೆಂಪು ಮೊದಲು ಹಳದಿ ಕೊನೆಗೆ, ಸಾಲಾಗಿ ಕೂತಿದ್ದವು. ಮೊದಲ ಕೆಂಪು ಬೋಗುಣಿ ಇನ್ನೂ ಅರ್ಧ ತುಂಬಿರಲಿಲ್ಲ.

"ಹಳದಿ ಮುಗಿದ ಮೇಲೆ ನಿಮ್ಮ ಸರದಿ, ಸಾಹೇಬ್ರೇ," ಎಂದಳು ಅಜ್ಜಿ.

ಬೈಯಲು ಬಾಯಿ ತೆರೆಯುವಂತಿರಲಿಲ್ಲ. ಮೇಯರ್ ಲೋಟ ಹಿಡಿದುಕೊಂಡು, ಕೊನೆಯ ಹಳದಿ ಬೋಗುಣಿಯ ಹಿಂದೆ ಹೋಗಿ ನಿಂತ.