ಮೂವತ್ತೊಂಬತ್ತರ ಗುಡ್ಡ

ಮೂವತ್ತೊಂಬತ್ತರ ಗೆರೆಗೆ ಬಂದೊಡನೆ ಯಂತ್ರದ ಪೆನ್ನು ಮತ್ತೆ ಕಾಗದದ ಮೇಲೆ ಗುಡ್ಡ ಬರೆಯಿತು.

"ಮೂವತ್ತೊಂಬತ್ತು ಅಂದ್ರ ಪೊಟ್ಯಾಸಿಯಂನ ತೂಕ," ಎಂದರು ವಿಜ್ಞಾನಿ ಗಂಗಾದೇವಿ. "ಕ್ಸೆನಾನಿನ ಒಂದು ಪರಮಾಣು ಯಾವಾಗೋ ಒಮ್ಮೆ ಬೇರಿಯಂ ಆಗತೈತಿ. ಆ ಒಂದನ್ನ ತೂಕದಿಂದ ಗುರುತು ಹಿಡಿಯೂ ಯಂತ್ರರೀ ಇದು. ಇಷ್ಟು ಗದ್ದಲದಾಗ ಅದನ್ನ ಎಲ್ಲಿ ಹುಡುಕಲಿ? ಸಂಜೀ ಮಟ ಇದು ಹೋಗಲಿಲ್ಲಂದ್ರ ಕೆಲಸ ಪುಣೆದವರಿಗೆ ಕೊಡತೀನಿ."

ಯಂತ್ರದ ನಾಲ್ಕು ಉಕ್ಕಿನ ಸರಳುಗಳನ್ನು ಪೀರನವಾಡಿಯ ತಮ್ಮ ಇದೇ ವರ್ಕಶಾಪಿನಲ್ಲಿ ಕಡೆದವರು ಗುರುಪುತ್ರಪ್ಪ. ತೊಳೆದವಳು ಅಲ್ಲಿ ಕೆಲಸಕ್ಕಿದ್ದ ಕಾಂತಾ. ಗುರುಪುತ್ರಪ್ಪ ಅವಳತ್ತ ತಿರುಗಿದರು.

"ಗ್ಲೌಸ್ ಹಾಕ್ಕೊಂಡಿದ್ದೇನು, ಕೈಬೆವರು ಹತ್ತಿಲ್ಲಲ್ಲ? ಖರೇ ಹೇಳು."

"ಹಾಕ್ಕೊಂಡಿದ್ನಿರಿ."

"ಹಂಗಾರ ಇದು ನಿನ್ನ ಜೋಡಿ ಖಾನಾಪುರದಿಂದ ರೈಲ ಹತ್ತಿ ಬಂತೇನು? ಈ ಕೆಲಸ ಕೈಬಿಟ್ಟು ಹೋದ್ರ ನಾಳಿಂದ ನೀನೂ ಬರಬ್ಯಾಡ."

ಕಾಂತಾ ನೆಲ ನೋಡಿದಳು. ಆಮೇಲೆ ಗೋಡೆಯಲ್ಲಿನ ದೇವರ ಜಗಲಿಗೆ ಹೋಗಿ, ಒಂದು ಚಿಟಿಕೆ ವಿಭೂತಿಯನ್ನು ಕಾಗದದಲ್ಲಿ ತಂದು ಗಂಗಾದೇವಿಯವರ ಮುಂದಿಟ್ಟಳು.

"ಅಕ್ಕಾರ, ಇದನ್ನ ಒಳಗ ಹಾಕಿ ನೋಡ್ರಿ."

ಗಂಗಾದೇವಿ ಅವಳ ಮುಖ ನೋಡಿ, ಯಂತ್ರದ ಮುಚ್ಚಳ ತೆಗೆದರು. ಬೂದಿಯ ಒಂದು ಕಣ ಒಳಗಿನ ಕಾಯಿಸುವ ತಂತಿಯ ಮೇಲೆ ಕೂತಿತು. ಪಂಪು ಗಾಳಿ ಎಳೆಯಲು ಒಂದು ಗಂಟೆ. ತಂತಿ ಕೆಂಪಾಯಿತು. ಮೂವತ್ತೊಂಬತ್ತಕ್ಕೆ ಪೆನ್ನು ಜಿಗಿದು ಕಾಗದದ ಅಂಚಿಗೆ ಹೋಗಿ ಟಕ್ ಟಕ್ ಬಡಿಯತೊಡಗಿತು.

"ಸಿಕ್ತು! ಬೂದ್ಯಾಗs ಐತಿ!" ಗಂಗಾದೇವಿ ಸ್ಟೂಲಿನಿಂದ ಎದ್ದೇಬಿಟ್ಟರು.

ಗುರುಪುತ್ರಪ್ಪನವರ ದನಿ ಇಳಿದಿತ್ತು. "ತೊಳದ ಮ್ಯಾಲೆ ಸರಳಿಗೆ ನಾನs ಹಚ್ಚೀನ್ರಿ. ನಮ್ಮಲ್ಲಿಂದ ಯಾವ ಜಾಬೂ ವಿಭೂತಿ ಇಲ್ದs ಹೊಸ್ತಿಲಾ ದಾಟಿಲ್ಲ. ಮತ್ತ ಒರಸೀನಲ್ರಿ, ಧೋತರದಲೇ."

"ಧೋತರದಲೇ!" ಗಂಗಾದೇವಿ ನಗು ತಡೆಯಲಾರದೆ ಗೋಡೆಗೆ ಒರಗಿದರು.

ತಂತಿ ಬದಲಾಯಿತು. ಕಾಂತಾ ನಾಲ್ಕೂ ಸರಳುಗಳನ್ನು, ಅವು ಕೂರುವ ಕೊಳವೆಯನ್ನು ಮೂರು ಸಲ ತೊಳೆದಳು. ಬಿಸಿಲು ಇಳಿಯುವಾಗ ಪೆನ್ನು ಮೂವತ್ತೇಳು, ಮೂವತ್ತೆಂಟು ದಾಟಿತು. ಮೂವರೂ ಕಾಗದದ ಮೇಲೆ ಬಾಗಿದರು. ಮೂವತ್ತೊಂಬತ್ತು. ಪೆನ್ನು ತಲೆ ಎತ್ತದೆ ಮುಂದೆ ಹೋಯಿತು. ನಲವತ್ತು, ನೂರು, ನೂರಾ ಮೂವತ್ತಾರು. ಅಲ್ಲಿ ಬೇರಿಯಮ್ಮಿಗೆ ಜಾಗ ಸ್ವಚ್ಛವಾಗಿ ಖಾಲಿ ಇತ್ತು. ಗಂಗಾದೇವಿ ಕಾಂತಾಳ ಕೈ ಹಿಡಿಯಲು ಹೋಗಿ, ಗ್ಲೌಸು ಕಂಡು ತಾವೇ ಹಿಂದೆ ಸರಿದರು.

ಪರೀಕ್ಷೆಯ ತಂತಿಯನ್ನು ಹೊರತೆಗೆದದ್ದಾಯಿತು, ಇನ್ನು ಕೊಳವೆಯ ಮುಚ್ಚಳ ಮತ್ತೆ ಬಿಗಿಯುವುದಷ್ಟೇ ಬಾಕಿ. ಗುರುಪುತ್ರಪ್ಪನವರ ಮೂರು ಬೆರಳು ರೂಢಿಯಂತೆ ಬೂದಿಯಲ್ಲಿ ಅದ್ದಿ ಮೇಲೆದ್ದವು.

"ಮಾಲಕ್ರ," ಕಾಂತಾ ಮೊದಲ ಸಲ ಅವರ ಕಣ್ಣನ್ನೇ ನೋಡಿ ಹೇಳಿದಳು, "ಎರಡು ಹೆಜ್ಜಿ ಹಿಂದ ನಿಂದರ್ರಿ."

ಅವರು ಹಿಂದೆ ಸರಿದರು. ಕೊನೆಯ ಬೋಲ್ಟು ಬಿಗಿಯುವವರೆಗೂ, ತಮ್ಮ ಹಣೆಯ ವಿಭೂತಿ ಉದುರದಂತೆ ಅದರ ಮೇಲೆ ಅಂಗೈ ಮುಚ್ಚಿಕೊಂಡೇ ನಿಂತಿದ್ದರು.